ಸೈಕಲ್ಲಿನ ಮಾರುವೇಷ

ಕರ್, ಕರ್, ಕರ್.

ಮಧ್ಯರಾತ್ರಿ ಕಳೆದ ಮೇಲೆ ಹಿತ್ತಿಲ ಷೆಡ್ಡಿನ ಕಡೆಯಿಂದ ಆ ಸಣ್ಣ ಸದ್ದು ಬರುತ್ತಿತ್ತು. ಇಲಿ ಬಾಗಿಲು ಕೊರೆಯುತ್ತಿದೆ ಎಂದುಕೊಂಡೆ. ಇಲಿಗೆ ಇಷ್ಟು ತಾಳ್ಮೆ ಇರಲಾರದು, ಇದು ಕಳ್ಳನೇ ಎಂದು ಆಮೇಲೆ ಅನ್ನಿಸಿತು. ಗಂಡನನ್ನು ಎಬ್ಬಿಸೋಣವೆಂದು ಕೈ ಚಾಚಿದರೆ ಹಾಸಿಗೆಯ ಆ ಬದಿ ಖಾಲಿಯಾಗಿ, ತಣ್ಣಗಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ನಾನು ಅವನಿಗೆ ಹೃದಯಾಘಾತ ಮಾಡಿಸಿ, ಅಂತ್ಯಕ್ರಿಯೆ ಮುಗಿಸಿ, ಬಂದವರಿಗೆ ಕಾಫಿ ಸಾಲುವುದೋ ಇಲ್ಲವೋ ಎಂಬಲ್ಲಿಗೆ ತಲುಪಿದ್ದೆ.

ಷೆಡ್ಡಿನಲ್ಲಿ ದೀಪ ಉರಿಯುತ್ತಿತ್ತು. ಲುಬ್ಬರ್ಟ್ ತನ್ನ ಸೈಕಲ್ಲಿನ ಎದುರು ಮುಕ್ಕಾಲಿಯ ಮೇಲೆ ಕೂತು, ಹಳೆಯ ಹಲಗೆಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ಮಗುವನ್ನು ನೋಡುವ ಹಾಗೆ ನಡುನಡುವೆ ಸೈಕಲ್ಲಿನ ಕಡೆ ನೋಡುತ್ತಿದ್ದ.

"ಏನ್ ಮಾಡ್ತಿದೀಯ?"

"ಅಭ್ಯಾಸ," ಎಂದ. "ಮೊದಲು ಹಲಗೆ ಮೇಲೆ ಕೈ ಕೂರಲಿ ಅಂತ. ಸೈಕಲ್ ಮೇಲೆ ಉಜ್ಜಕ್ಕೆ ಕೈ ಬರ್ತಿಲ್ಲ ಗೇಸ್ಯೆ."

ಈ ಸೈಕಲ್ಲನ್ನು ಅರಿಯದವರಿಗೆ ಈ ಮಾತಿನ ಭಾರ ತಿಳಿಯದು. ಅದು ಕಪ್ಪು ಬಣ್ಣದ್ದು, ಮಡ್‌ಗಾರ್ಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಂಗಾರದ ಗೆರೆ. ನಮ್ಮ ಮದುವೆಗಿಂತ ಹಿರಿಯದು. ಮದುವೆಯ ದಿನ ನಾನು ಅದರ ಕ್ಯಾರಿಯರಿನ ಮೇಲೆ ಪಕ್ಕಕ್ಕೆ ಕಾಲು ಬಿಟ್ಟು ಕೂತೇ ಪುರಭವನಕ್ಕೆ ಹೋದದ್ದು. ಅಂದಿನಿಂದ ಇಂದಿನವರೆಗೆ ಅದರ ಚೈನಿನಲ್ಲಿ ಒಂದು ಕಣ ತುಕ್ಕು ಕಂಡವರಿಲ್ಲ. ಕಾಣಲು ಪ್ರಯತ್ನಿಸಿದವರು ಮಾತ್ರ ಬಹಳ ಜನ, ಏಕೆಂದರೆ ನಮ್ಮ ನೂರ್ಡರ್‌ವೇನ್ ಊರಿನ ಶಾಲೆಯಲ್ಲಿ ಪ್ರತಿ ವಸಂತದಲ್ಲಿ ಮಕ್ಕಳ ಸೈಕಲ್ ತಪಾಸಣೆ ಮಾಡುವವನು ಲುಬ್ಬರ್ಟ್. ರಸ್ತೆ ನಿಯಮಗಳ ಸಂಚಾರ ಪರೀಕ್ಷೆಗೆ ಮುಂಚೆ ಪ್ರತಿ ಮಗುವಿನ ಸೈಕಲ್ಲೂ ಅವನ ಎದುರು ನಿಲ್ಲಬೇಕು. ಬೆಲ್, ಬ್ರೇಕ್, ದೀಪ, ಬೆಳಕು ಬಿದ್ದರೆ ಹೊಳೆಯುವ ಹಿಂದಿನ ಕೆಂಪು ಗಾಜು, ಪೆಡಲಿನ ಹಳದಿ ಗಾಜು. ಒಂದು ಇಲ್ಲದಿದ್ದರೂ ಫೇಲ್. ಅವನ ಸ್ವಂತ ಸೈಕಲ್ ಅಂಗಳದ ನಡುವೆ ಮಾದರಿಯಾಗಿ ನಿಂತಿರುತ್ತದೆ, ಮಕ್ಕಳು ಅದನ್ನು ನೋಡಿ ತಮ್ಮದನ್ನು ನೋಡಿಕೊಂಡು ನಿಟ್ಟುಸಿರಿಡುತ್ತಾರೆ. ಮಕ್ಕಳ ಸೈಕಲ್ಲುಗಳು ಮುಗಿದ ಮೇಲೆ ಅವನ ಕಣ್ಣು ತಾಯಂದಿರ ಸೈಕಲ್ಲಿಗೆ ಹೊರಳಿತು. ಆಮೇಲೆ ಅಂಗಡಿಯ ಮುಂದೆ ನಿಲ್ಲಿಸಿದವರದ್ದಕ್ಕೆ. ಒಂದು ಸಲ ಶವಯಾತ್ರೆಗೆ ಬಂದಿದ್ದ ಪಾದ್ರಿಯ ಸೈಕಲ್ಲನ್ನು ಸ್ಮಶಾನದ ಗೇಟಿನಲ್ಲೇ ಫೇಲ್ ಮಾಡಿದ. ಪಾದ್ರಿ ಕ್ಷಮಿಸಿದರು, ಅದು ಅವರ ಕೆಲಸ.

ಈ ವರ್ಷ ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದಿದ್ದಳು. ಮುಂದಿನ ವರ್ಷದಿಂದ ತಪಾಸಣೆಗೆ ಪಟ್ಟಣದ ಸೈಕಲ್ ಅಂಗಡಿಯವರನ್ನೇ ಕರೆಸಬಹುದಲ್ಲ, ನಿಮಗೂ ವಿಶ್ರಾಂತಿ, ಎಂದು ಬಹಳ ಸಿಹಿಯಾಗಿ ಹೇಳಿದ್ದಳು. ಈ ಸಲ ಹೇಗೆ ನಡೆಯುತ್ತದೋ ನೋಡೋಣ, ಎಂದೂ ಸೇರಿಸಿದ್ದಳು. ಅಂದಿನಿಂದ ಲುಬ್ಬರ್ಟ್ ಊಟದ ಮೇಜಿನಲ್ಲಿ ಮಾತಾಡುವುದು ಕಡಿಮೆಯಾಗಿತ್ತು. ಆ ತಪಾಸಣೆ ನಾವು ಮೇರ್‌ಡಾಮಿನಿಂದ ವಾಪಸು ಬಂದ ಮರುವಾರ, ಬುಧವಾರ.

ಮೇರ್‌ಡಾಮ್ ನಗರಕ್ಕೆ ಏಕೆ ಎಂದರೆ, ಅಲ್ಲಿರುವ ನಮ್ಮ ಮಗಳು ಅಲೈದಳಿಗೆ ಮಗುವಾಗಿತ್ತು. ಕೆಲವು ದಿನ ಹೋಗಿ ಇದ್ದು ಬರುವುದೆಂದು ನಿರ್ಧಾರವಾಯಿತು. ಸ್ಟೇಷನ್ನಿನಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆಂದು ಅಲೈದ ಫೋನಿನಲ್ಲಿ ಹೇಳಿದಳು. ಬೇರೆಯವರ ಸೀಟಿನ ಮೇಲೆ ಕೂರುವುದೂ ಬೇರೆಯವರ ಬ್ರಷ್ಷಿನಲ್ಲಿ ಹಲ್ಲುಜ್ಜುವುದೂ ಒಂದೇ ಎಂದು ಲುಬ್ಬರ್ಟ್ ಉತ್ತರಿಸಿದ. ತನ್ನ ಸೈಕಲ್ಲನ್ನೇ ರೈಲಿನಲ್ಲಿ ತರುತ್ತೇನೆಂದ.

ಅವನು ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಹುಟ್ಟುಹಬ್ಬದ ದಿನ ಅದನ್ನು ಎಲ್ಲರ ಎದುರು ಪ್ರಕಟಿಸಿದ. ಬಂದವರು ನಮ್ಮ ಕಡೆಯ ಪದ್ಧತಿಯಂತೆ ನನಗೆ, ನನ್ನ ಗಂಡನಿಗೆ, ಒಬ್ಬರಿಗೊಬ್ಬರು ಶುಭಾಶಯ ಹೇಳಿ ಮುಗಿಸಿ, ಕುರ್ಚಿಗಳ ವೃತ್ತದಲ್ಲಿ ಮಂಡಿಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು ಕೂತಿದ್ದರು. ಹವಾಮಾನದ ಬಗ್ಗೆ ಹೇಳಬೇಕಾದ್ದು ಮುಗಿದು ಮಾತು ಒಣಗಿದ ಹೊತ್ತು. ಆಗ ಲುಬ್ಬರ್ಟ್, ತನ್ನ ಸೈಕಲ್ಲಿನ ಜೊತೆ ಮೇರ್‌ಡಾಮಿಗೆ ಹೋಗುತ್ತಿರುವುದಾಗಿ ಹೇಳಿದ.

ಫೋರ್ಕುಗಳೆಲ್ಲ ಒಟ್ಟಿಗೆ ನಿಂತವು.

ಪಕ್ಕದ ಮನೆಯ ಯಾಂಟಿನ್ ಮೊದಲು ಬಾಯಿ ಬಿಟ್ಟಳು. ಅವಳ ಅಕ್ಕನ ಮಗ ಮೇರ್‌ಡಾಮಿನಲ್ಲಿ ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಬೀಗ ಸರಿಯಾಗಿ ಬಿತ್ತೇ ಎಂದು ನೋಡಲು ಬಗ್ಗಿ ಏಳುವಷ್ಟರಲ್ಲಿ ಅವನ ಕೈಯಲ್ಲಿ ಬೀಗ ಮಾತ್ರ ಇತ್ತಂತೆ. ಎದುರಿನ ಹೊಲದ ಹಾರ್ಮ್, ಹಾಲು ಕರೆಯುವವನು, ತನ್ನ ಪರಿಚಯದವನೊಬ್ಬ ಕದ್ದುಹೋದ ತನ್ನ ಸೈಕಲ್ಲನ್ನು ಅಲ್ಲಿಯ ಸಂತೆಯಲ್ಲಿ ಕಂಡು, ಕೊಂಡುಕೊಂಡು, ಸಂಜೆಯೊಳಗೆ ಮತ್ತೆ ಕಳೆದುಕೊಂಡ ಕಥೆ ಹೇಳಿದ. ಪಾದ್ರಿಗಳು ಕೂಡ ಒಂದು ಹೇಳಿದರು, ಅವರದ್ದರಲ್ಲಿ ಸೈಕಲ್ಲಿನ ಜೊತೆ ಮೇಲಿದ್ದವನೂ ಹೋಗಿದ್ದ. ನನ್ನ ಗಂಡನ ಮುಖ ಕೇಕಿನ ಕೆನೆಯ ಬಣ್ಣಕ್ಕೆ ತಿರುಗಿತು.

"ನೋಡಪ್ಪ ಲುಬ್ಬರ್ಟ್," ಎಂದಳು ಯಾಂಟಿನ್. "ಅಲ್ಲಿ ಚೆನ್ನಾಗಿರೋ ಸೈಕಲ್ ನಿಲ್ಸೋದು ಅಂದ್ರೆ ಬಿಸಿ ಪ್ಯಾನ್‌ಕೇಕ್ ಮಾಡಿ ಬೀದೀಲಿ ಇಟ್ಟ ಹಾಗೆ. ಆ ಊರಿನೋರು ಅವರವರ ಸೈಕಲ್ನ ಅವರೇ ಕೆಡಿಸ್ಕೋತಾರೆ. ನೀನೂ ಕೆಡಿಸು. ಯಾರೂ ತಿರುಗಿ ನೋಡಬಾರ್ದು, ಹಾಗೆ ಕೆಡಿಸು."

ವೃತ್ತದಲ್ಲಿ ಕೂತಿದ್ದ ಪ್ರತಿಯೊಬ್ಬರ ಸೈಕಲ್ಲೂ ಒಂದಲ್ಲ ಒಂದು ಸಲ ಲುಬ್ಬರ್ಟನ ಕೈಯಲ್ಲಿ ಫೇಲಾಗಿತ್ತು ಎಂಬುದನ್ನು ಇಲ್ಲಿ ನೆನಪಿಸಬೇಕು. ಅವರ ಮುಖಗಳ ಮೇಲೆ ಮೂಡಿದ ಕರುಣೆ ಅಪ್ಪಟವಾಗಿತ್ತು. ಸಂತೋಷವೂ ಅಪ್ಪಟವಾಗಿತ್ತು.

ಆ ರಾತ್ರಿಯ ಉಪ್ಪುಕಾಗದದ ಹಿನ್ನೆಲೆ ಇದು. ಚಳಿಯಲ್ಲಿ ನಿಂತು ನಾನೇ ಒಂದು ಉಪಾಯ ಹೇಳಿದೆ. ಬ್ರೆಡ್ಡು ಕಟ್ಟುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸೈಕಲ್ಲಿಗೆ ಸುತ್ತಿ, ಮೇಲೆ ಅಂಟುಪಟ್ಟಿ ಹಾಕಿ, ಕುರೂಪವನ್ನೆಲ್ಲ ಅದರ ಮೇಲೆ ಬಳಿದರೆ ಒಳಗಿನ ಕಪ್ಪು ಬಣ್ಣ ಸುರಕ್ಷಿತವಾಗಿರುತ್ತದೆ, ಬಂದ ಮೇಲೆ ಬಿಚ್ಚಿದರಾಯಿತು. ಲುಬ್ಬರ್ಟ್ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಮದುವೆಗೆ ಒಪ್ಪಿದ ದಿನವೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಮರುದಿನದಿಂದ ಊರು ನೆರವಿಗೆ ಬಂತು. ಹಾರ್ಮ್ ಕೊಟ್ಟಿಗೆಯ ಬಾಗಿಲಿಗೆ ಬಳಿದು ಉಳಿದ ಕಂದು ಬಣ್ಣವನ್ನೂ ಹಂದಿಗೂಡಿನ ಹಸಿರನ್ನೂ ತಂದ. ಪಾದ್ರಿಗಳು ತಳ ಹರಿದ ಬುಟ್ಟಿ ಕಳಿಸಿದರು. ಯಾಂಟಿನ್ ಒಂದು ಸೀಟು ತಂದಳು. ಅದರ ಹೊಟ್ಟೆಯೊಳಗಿಂದ ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು.

ಲುಬ್ಬರ್ಟ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಈ ಸೀಟು ಎಲ್ಲೋ ನೋಡಿದೀನಿ."

"ನೋಡದೆ ಏನು? ನೀನೇ ಫೇಲ್ ಮಾಡಿದ್ದು," ಎಂದಳು ಯಾಂಟಿನ್. "ಎಸೆಯಕ್ಕೆ ಮನಸ್ಸು ಬರ್ಲಿಲ್ಲ. ಒಂದಿನ ಬೇಕಾಗತ್ತೆ ಅಂತ ಇಟ್ಟಿದ್ದೆ."

ಹೀಗೆ ಲುಬ್ಬರ್ಟ್ ತನ್ನ ಜೀವಮಾನದಲ್ಲಿ ತಿರಸ್ಕರಿಸಿದ ಬಿಡಿಭಾಗಗಳೆಲ್ಲ ಒಂದೊಂದಾಗಿ ಮರಳಿ ಬಂದು ಅವನ ಸೈಕಲ್ಲಿನ ಮೇಲೆ ನೆಲೆಗೊಂಡವು. ಬ್ರೇಕಿನ ರಬ್ಬರು, ಬೆಲ್, ದೀಪ, ಕೆಂಪು ಹಳದಿ ಗಾಜುಗಳನ್ನು ಅವನು ತಾನೇ ಕಳಚಿದ. ಬ್ರೇಕಿಲ್ಲದ ಸೈಕಲ್ಲನ್ನು ಕದ್ದವನು ಮೊದಲ ಸೇತುವೆಯಲ್ಲೇ ಕಾಲುವೆಗೆ ಬೀಳುತ್ತಾನೆ, ಆಗ ಹಿಡಿಯಬಹುದು ಎಂಬುದು ಅವನ ಲೆಕ್ಕ. ತಾನು ಸವಾರಿ ಮಾಡುವಾಗೆಲ್ಲ ಜೋಡಿಸಿಕೊಂಡು, ಇಳಿದಾಗ ಕಳಚಿಕೊಳ್ಳುವುದೆಂದು ಯೋಜನೆ. ಅವನ್ನೆಲ್ಲ ಕೋಟಿನ ಜೇಬುಗಳಿಗೆ ತುಂಬಿಕೊಂಡ. ನಡೆದರೆ ಒಳಗಿನಿಂದ ಕುರಿಯ ಗಂಟೆಯ ಹಾಗೆ ಸದ್ದು ಬರುತ್ತಿತ್ತು. ಹೊರಡುವ ಬೆಳಿಗ್ಗೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಸೈಕಲ್ಲನ್ನು ನೋಡಿ ಹಾರ್ಮ್ ಟೋಪಿ ತೆಗೆದ.

ರೈಲಿನಲ್ಲಿ ಟಿಕೆಟ್ ನೋಡುವವನು ನಮ್ಮ ಟಿಕೆಟ್ ಸರಿಯಾಗಿದೆ ಎಂದ. ಸೈಕಲ್ಲಿನದ್ದನ್ನೂ ನೋಡಿದ. ಇದಕ್ಕೆ ಟಿಕೆಟ್ ಕೊಂಡಿದ್ದೀರಾ ಎಂದು ಮರುಕದಿಂದ ಕೇಳಿದ. ಮುಂದಿನ ಸ್ಟೇಷನ್ನಿನಲ್ಲಿ ಇಳಿದ ಹೆಂಗಸೊಬ್ಬಳು ಖಾಲಿ ಕಾಫಿ ಲೋಟವನ್ನು ಸಹಜವಾಗಿ ಅದರ ಬುಟ್ಟಿಗೆ ಹಾಕಿ ಹೋದಳು. ಲುಬ್ಬರ್ಟ್ ಮಾರುವೇಷ ಫಲಿಸುತ್ತಿದೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅಲೈದಳ ಮನೆ ಕಾಲುವೆಯ ದಂಡೆಯಲ್ಲಿ, ಏಣಿಯಷ್ಟು ಕಡಿದಾದ ಮೆಟ್ಟಿಲುಗಳ ಮೇಲೆ. ಸೈಕಲ್ಲನ್ನು ಕೆಳಗೆ ಕಾಲುವೆಯ ಕಟಕಟೆಗೆ ಸರಪಳಿ ಹಾಕಿ ನಿಲ್ಲಿಸಿದೆವು. ಮಗುವನ್ನು ನೋಡಿದೆವು, ಮಗು ಹುಟ್ಟಿದ ಮನೆಯಲ್ಲಿ ಕೊಡುವ, ಸೋಂಪಿನ ಗುಲಾಬಿ ಕಾಳು ಉದುರಿಸಿದ ರಸ್ಕು ತಿಂದೆವು. ಮಗು ಯಾರ ಹಾಗಿದೆ ಎಂದು ಅಲೈದ ಕೇಳಿದಳು. ಲುಬ್ಬರ್ಟ್ ಕಿಟಕಿಯಿಂದ ಕೆಳಗೆ ನೋಡುತ್ತಾ, ಇನ್ನೂ ಇದೆ, ಎಂದ.

ಮರುದಿನ ಎಲ್ಲರೂ ಉದ್ಯಾನಕ್ಕೆ ಹೊರಟಾಗ ಅವನು ಬ್ರೇಕು, ಬೆಲ್, ದೀಪ ಜೋಡಿಸತೊಡಗಿದ. ಉದ್ಯಾನದಿಂದ ನಾವು ವಾಪಸು ಬಂದಾಗ ಎಡಗಡೆಯ ಬ್ರೇಕಿನಲ್ಲಿದ್ದ. ಅಂದಿನಿಂದ ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಜೊತೆ ನಡೆದೇ ಬರತೊಡಗಿದ. ಹೀಗೆ ಸ್ವಂತ ಸೈಕಲ್ ತಂದ ನನ್ನ ಗಂಡ ಮೇರ್‌ಡಾಮನ್ನು ಪೂರ್ತಿಯಾಗಿ ಕಾಲ್ನಡಿಗೆಯಲ್ಲಿ ನೋಡಿದ. ಬೇರೆಯವರಿಗಾದರೂ ಕಾಲಿಗೆ ಮಾತ್ರ ಕೆಲಸ, ಅವನಿಗೆ ಕೈಗೂ ಇತ್ತು.

ಸೈಕಲ್ಲನ್ನು ಯಾರೂ ಕದಿಯಲಿಲ್ಲ. ಬುಟ್ಟಿಯಲ್ಲಿ ಬಾಳೆಸಿಪ್ಪೆ, ಪೇಪರು, ಒಂಟಿ ಕೈಗವಸು ಬೀಳುತ್ತಿದ್ದವು, ಅವನು ಬೆಳಿಗ್ಗೆ ಸಂಜೆ ಇಳಿದು ಖಾಲಿ ಮಾಡುತ್ತಿದ್ದ. ಕೆಳಗಿನ ಮನೆಯವರು ಇದು ಯಾರದ್ದೆಂದು ಕೇಳಿದಾಗ ಅಲೈದ ಗೊತ್ತಿಲ್ಲವೆಂದಳು. ಸ್ವಂತ ಅಪ್ಪ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಬೇಸರವಾಗಲಿಲ್ಲ, ಹೆಮ್ಮೆಯಿಂದ ಎದೆ ಉಬ್ಬಿತು.

ಹೊರಡುವ ದಿನ ಬೆಳಿಗ್ಗೆ ಲುಬ್ಬರ್ಟ್ ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದವನು, "ಗೇಸ್ಯೆ, ಮಗು ಹಿಡಿ," ಎಂದ. ಹಿಡಿಯಲು ನಾನು ಏಳುವಷ್ಟರಲ್ಲಿ ಅವನು ಮಗುವಿನ ಸಮೇತ ಮೆಟ್ಟಿಲಲ್ಲಿದ್ದ. ಕಾಲಲ್ಲಿ ಬರೀ ಸಾಕ್ಸು. ಆ ಮೆಟ್ಟಿಲುಗಳ ಮೇಲೆ ಸಾಕ್ಸಿನಲ್ಲಿ, ಹಸುಗೂಸಿನೊಂದಿಗೆ. ನಾನು ಕಣ್ಣು ಮುಚ್ಚಿಕೊಂಡೇ ಹಿಂದೆ ಇಳಿದೆ, ಅದರಿಂದ ಅಪಾಯ ಕಡಿಮೆಯಾಗಲಿಲ್ಲ.

ಕೆಳಗೆ ನಗರಸಭೆಯ ಕಿತ್ತಳೆ ಅಂಗಿ ಹಾಕಿದ ತೆಳ್ಳನೆಯ ಯುವಕನೊಬ್ಬ ನಮ್ಮ ಸೈಕಲ್ಲಿನ ಹ್ಯಾಂಡಲಿಗೆ ಕಿತ್ತಳೆ ಪಟ್ಟಿ ಕಟ್ಟುತ್ತಿದ್ದ. ಎದೆಯ ಮೇಲೆ ವೌಟರ್ ಎಂದು ಹೆಸರು. ಅವನ ಸೈಕಲ್ ಸೇತುವೆಗೆ ಒರಗಿತ್ತು. ಹಿಂದೆ ನಿಂತ ವ್ಯಾನಿನಲ್ಲಿ ಆಗಲೇ ಒಂದಿಷ್ಟು ಸೈಕಲ್ಲುಗಳು ಕಾಲು ಮೇಲಾಗಿ ಬಿದ್ದಿದ್ದವು. ಚಾಲಕ ಸ್ಟಿಯರಿಂಗಿನ ಹಿಂದೆ ಕೂತು ಚೀಸ್ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದ.

ಸೈಕಲ್ ತನ್ನದೆಂದು ಲುಬ್ಬರ್ಟ್ ಹೇಳಿದ. ವೌಟರ್ ಬಹಳ ಸೌಮ್ಯವಾಗಿ, ಸಾಯುತ್ತಿರುವವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ವಿವರಿಸಿದ. ಓಡಿಸಲು ಯೋಗ್ಯವಲ್ಲದ, ಪಾಳುಬಿದ್ದ ಸೈಕಲ್ಲುಗಳನ್ನು ಬೀದಿಯಿಂದ ತೆಗೆಯುವುದು ನಿಯಮ. ಅವು ನೇರ ಗುಜರಿಗೆ ಹೋಗುತ್ತವೆ. ಯೋಗ್ಯವಾಗಿದ್ದರೆ ಮುಟ್ಟುವುದಿಲ್ಲ, ತಾವೇ ತೋರಿಸಬಹುದು. ಬೆಲ್ ಇದೆಯೇ?

ಅಷ್ಟರಲ್ಲಿ ಜನ ಸೇರಿದ್ದರು. ಮೂಲೆಯಲ್ಲಿ ಹಸಿ ಮೀನಿಗೆ ಈರುಳ್ಳಿ ಉದುರಿಸಿ ಮಾರುವ ತ್ರುಸ್, ಈರುಳ್ಳಿ ಹೆಚ್ಚುವ ಚಾಕು ಕೈಯಲ್ಲಿ ಹಿಡಿದೇ ಬಂದಿದ್ದಳು. ನಾನು ಲುಬ್ಬರ್ಟನ ತೋಳಿನಿಂದ ಮಗುವನ್ನು ಕಿತ್ತುಕೊಂಡು, ಬೆಲ್ ಮೇಲಿನ ಮನೆಯಲ್ಲಿ ನಿನ್ನ ಕೋಟಿನಲ್ಲಿದೆ, ಬ್ರೇಕೂ ಅಲ್ಲೇ ಇದೆ, ಓಡಿ ತರುತ್ತೇನೆ ಎಂದೆ. ವೌಟರ್ ಕೂಡ ಹಾಗಾದರೆ ಕಾಯಬಹುದು ಎನ್ನುವಂತೆ ತಲೆಯಾಡಿಸಿದ.

ಆದರೆ ನನ್ನ ಗಂಡ ಅಲುಗಾಡಲಿಲ್ಲ. ಅವನ ಮುಖದಲ್ಲಿ ನಾನು ಪ್ರತಿ ವಸಂತದಲ್ಲಿ ಶಾಲೆಯ ಅಂಗಳದಲ್ಲಿ ಕಂಡ ಗಾಂಭೀರ್ಯವೊಂದು ನಿಧಾನವಾಗಿ ಮೂಡುತ್ತಿತ್ತು. ದೀಪ ಮನೆಯಲ್ಲಿದೆ ಮಾಮ, ಎಂದು ಎಷ್ಟು ಮಕ್ಕಳು ಅವನೆದುರು ಅತ್ತಿಲ್ಲ. ಎಲ್ಲರಿಗೂ ಅವನದು ಒಂದೇ ಉತ್ತರ.

"ಸೈಕಲ್ ನಿಂತ ಹಾಗೇ ನೋಡ್ಬೇಕು," ಎಂದ. "ಜೇಬಲ್ಲಿರೋದು ಲೆಕ್ಕಕ್ಕಿಲ್ಲ. ಬೆಲ್ ಇಲ್ಲ."

ಜನರಲ್ಲಿ ಒಂದು ನರಳಿಕೆ ಎದ್ದಿತು. ವೌಟರ್ ಗಲಿಬಿಲಿಗೊಂಡು, ಬ್ರೇಕಾದರೂ ಸ್ವಲ್ಪ ಹಿಡಿಯುತ್ತಿರಬಹುದಲ್ಲ ಎಂದು ದಾರಿ ತೋರಿಸಿದ. ಲುಬ್ಬರ್ಟ್ ಹಿಡಿದು ನೋಡಿದ. ಹಿಡಿ ಮೆತ್ತಗೆ ಹ್ಯಾಂಡಲಿಗೆ ತಾಗಿತು.

"ಹಿಡಿಯತ್ತೆ ಅನ್ನೋ ಮಾರಾಯ," ಎಂದಳು ತ್ರುಸ್. "ನಿನ್ನ ಗಂಟೇನು ಹೋಗತ್ತೆ?"

"ಹಿಡಿಯಲ್ಲ," ಎಂದ ಲುಬ್ಬರ್ಟ್.

ಆಮೇಲೆ ಅವನನ್ನು ತಡೆಯಲಾಗಲಿಲ್ಲ. ದೀಪವಿಲ್ಲ ಎಂದ. ಹಿಂದಿನ ಕೆಂಪು ಗಾಜಿಲ್ಲ ಎಂದ. ಪೆಡಲಿನ ಹಳದಿ ಗಾಜನ್ನು ತಾವು ನೋಡಲೇ ಇಲ್ಲ, ಎಂದು ವೌಟರನನ್ನು ಮೆಲ್ಲಗೆ ಆಕ್ಷೇಪಿಸಿದ, ಅವನು ಕ್ಷಮೆ ಕೇಳಿ ಬಗ್ಗಿ ನೋಡಿದ. ಸೀಟಿನ ಸ್ಪ್ರಿಂಗಿನಿಂದ ಸವಾರನಿಗೆ ಆಗಬಹುದಾದ ಗಾಯದ ಬಗ್ಗೆ ಒಂದಿಷ್ಟು ವಿವರಿಸಿದ. ಕೊನೆಗೆ ನೆಟ್ಟಗೆ ನಿಂತು, "ಫೇಲ್," ಎಂದು ತೀರ್ಪು ಕೊಟ್ಟ. ಹೇಳಿದ ಮೇಲೆ ಅದು ಯಾರ ಸೈಕಲ್ಲೆಂದು ನೆನಪಾಗಿರಬೇಕು, ಹಂದಿಗೂಡಿನ ಹಸಿರು ಬಣ್ಣದ ಮೇಲೆ, ಬಂಗಾರದ ಗೆರೆ ಇರಬೇಕಾದ ಜಾಗದಲ್ಲಿ ಬೆರಳಿಟ್ಟು ನಿಂತ.

ನನ್ನ ಮನಸ್ಸಿಗೆ ಬುಧವಾರ ಬಂತು. ಅಂಗಳದ ನಡುವೆ ಖಾಲಿ ಜಾಗ, ಸಿಹಿಯಾಗಿ ನಗುವ ಮುಖ್ಯೋಪಾಧ್ಯಾಯಿನಿ.

ಚಾಲಕ ವ್ಯಾನಿನ ಬಾಗಿಲು ತೆರೆದ. ಆಗ ತ್ರುಸ್ ಈರುಳ್ಳಿಯ ಚಾಕುವನ್ನು ಸೇತುವೆಯ ಕಡೆ ತೋರಿಸಿ, "ಅದೂ ನೋಡಪ್ಪ," ಎಂದಳು. "ಈ ಹುಡುಗ ತುಳ್ಕೊಂಡು ಬಂದಿದ್ದು."

ಅವಳು ತಮಾಷೆಗೆ ಹೇಳಿದ್ದು. ಆದರೆ ಲುಬ್ಬರ್ಟನ ಎದುರು ಸೈಕಲ್ಲಿನ ವಿಷಯದಲ್ಲಿ ತಮಾಷೆಗೆ ಏನೂ ಹೇಳಬಾರದು. ಅವನು ಸಾಕ್ಸಿನಲ್ಲೇ ಸೇತುವೆಗೆ ನಡೆದು, ನಗರಸಭೆಯ ಸೈಕಲ್ಲಿನ ಎದುರು ಮಂಡಿಯೂರಿದ. ಜನ ಅವನ ಹಿಂದೆಯೇ ಹೋದರು. ನಾನು ಮಗುವಿನ ಜೊತೆ ಹೋದೆ. ಚಾಲಕ ಬ್ರೆಡ್ಡಿನ ಜೊತೆ ಬಂದ.

ಬೆಲ್ ಇದೆ, ಎಂದ ಲುಬ್ಬರ್ಟ್. ಜನರಿಗೆ ನಿರಾಸೆಯಾಯಿತು. ಮುಂದಿನ ದೀಪ ಹತ್ತಲಿಲ್ಲ. ಹಿಂದಿನ ಗಾಜು ಒಡೆದಿತ್ತು. ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು, ಮಡ್‌ಗಾರ್ಡನ್ನು ಬೇಲಿಯ ತಂತಿ ಹಿಡಿದುಕೊಂಡಿತ್ತು. ಪೆಡಲಿನ ಹಳದಿ ಗಾಜುಗಳ ಮಾತು ಬೇಡ.

"ಸಾರ್, ಇದು ನನ್ನದಲ್ಲ, ನಗರಸಭೇದು," ಎಂದ ವೌಟರ್.

"ಯಾರದ್ದು ಅಂತ ಸೈಕಲ್‌ಗೆ ಗೊತ್ತಿರಲ್ಲ," ಎಂದ ಲುಬ್ಬರ್ಟ್, ದುಃಖದಿಂದ. "ಫೇಲ್."

ಈಗ ಬೀದಿ ಪೂರ್ತಿ ಜೀವಂತವಾಯಿತು. ಒಬ್ಬ ವಿದ್ಯಾರ್ಥಿ ಫೋನು ಎತ್ತಿ ಹಿಡಿದ. ಕಾನೂನು ಎಲ್ಲರಿಗೂ ಒಂದೇ ಎಂದು ಹಿಂದಿನಿಂದ ಯಾರೋ ಶಾಂತವಾಗಿ ಹೇಳಿದರು. ಹೋದ ಚಳಿಗಾಲದಲ್ಲಿ ತನ್ನ ಸೈಕಲ್ಲನ್ನು ಹೀಗೇ ಒಯ್ದದ್ದನ್ನು ಇನ್ನೊಬ್ಬರು ನೆನೆದರು. ಪಟ್ಟಿ ಕಟ್ಟಪ್ಪ, ನ್ಯಾಯ ಅಂದರೆ ನ್ಯಾಯ, ಎಂದಳು ತ್ರುಸ್. ಚಾಲಕ ಬ್ರೆಡ್ಡು ನುಂಗಿ, ಯಾವ ಪಕ್ಷವನ್ನೂ ವಹಿಸದೆ ಕೇಳಿದ:

"ಒಂದು ಎತ್ತಬೇಕೋ, ಎರಡೋ?"

ವೌಟರ್ ಜೇಬಿನಿಂದ ಇನ್ನೊಂದು ಕಿತ್ತಳೆ ಪಟ್ಟಿ ತೆಗೆದ. ತನ್ನ ಸೈಕಲ್ಲಿನ ಹ್ಯಾಂಡಲಿನವರೆಗೆ ಒಯ್ದ. ಅವನೂ ನಮ್ಮವನಂಥವನೇ, ನಿಯಮವೆಂದರೆ ಕೈ ತಾನಾಗಿ ಮೇಲೇಳುವ ಜಾತಿ ಎಂದು ನನಗೆ ಆಗ ಗೊತ್ತಾಯಿತು. ಕೈ ಅಲ್ಲೇ ನಿಂತಿತು. ಕಿವಿಗಳು ಕೆಂಪಗಾದವು. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ನಮ್ಮ ಸೈಕಲ್ಲಿನ ಬಳಿಗೆ ಹೋಗಿ, ಇಕ್ಕಳದಿಂದ ತಾನು ಕಟ್ಟಿದ್ದನ್ನು ತಾನೇ ಕತ್ತರಿಸಿದ.

"ಒಂದೂ ಇಲ್ಲ," ಎಂದ. "ನಾವು ಈ ಬೀದಿಗೆ ಬಂದೇ ಇಲ್ಲ."

ಚಾಲಕ ತಲೆಯಾಡಿಸಿ, ತಾನು ಬಾರದಿದ್ದ ಬೀದಿಯಿಂದ ವ್ಯಾನನ್ನು ಹಿಂದಕ್ಕೆ ತೆಗೆದ. ತ್ರುಸ್ ಎಲ್ಲರೂ ಚದುರುವಂತೆ ಮೀನಿನ ಬೆಲೆ ಕೂಗತೊಡಗಿದಳು.

ವೌಟರ್ ಸೈಕಲ್ ಹತ್ತಲು ಕಾಲೆತ್ತಿದ. ಲುಬ್ಬರ್ಟ್ ಅವನ ತೋಳು ಹಿಡಿದ. ಫೇಲಾದ ಸೈಕಲ್ಲನ್ನು ತುಳಿಯುವಂತಿಲ್ಲ, ತಳ್ಳಬೇಕು. ಹೀಗಾಗಿ ಲುಬ್ಬರ್ಟ್ ಸರಪಳಿ ಬಿಚ್ಚಿಕೊಂಡ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ, ತಮ್ಮ ತಮ್ಮ ಸೈಕಲ್ಲುಗಳನ್ನು ತಳ್ಳುತ್ತಾ, ಕಾಲುವೆಯ ದಂಡೆಯುದ್ದಕ್ಕೂ ಹೊರಟರು. ನಾನು ಮಗುವನ್ನು ಅಲೈದಳಿಗೆ ಕೊಟ್ಟು, ಗಂಡನ ಶೂಗಳನ್ನು ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಅವರ ಮಾತು ತುಂಡು ತುಂಡಾಗಿ ಕೇಳಿಸಿತು. ವೌಟರನದು ತಾತ್ಕಾಲಿಕ ಕೆಲಸ. ಬೇಸಿಗೆಯ ಹೊತ್ತಿಗೆ ಖಾಯಂ ಮಾಡುವುದೋ ಬಿಡುವುದೋ ತೀರ್ಮಾನ. ಬ್ರೇಕು ಬೇಕೆಂದು ಕೇಳುತ್ತಲೇ ಇದ್ದನಂತೆ, ತುಂಬಾ ಕೇಳುವವರನ್ನು ಮೇಲಿನವರು ಇಷ್ಟಪಡುವುದಿಲ್ಲವಂತೆ. ಕಟ್ಟಿದ ಪಟ್ಟಿಯನ್ನು ಕತ್ತರಿಸಿದ್ದು ತಿಳಿದರೆ ಇಂದೇ 'ನಾಳೆಯಿಂದ ಬರಬೇಡ' ಎನ್ನುತ್ತಾರೆ. ಮನೆಯಲ್ಲಿ ಹೆಂಡತಿಗೆ ತಿಂಗಳು ತುಂಬುತ್ತಿದೆ. ಇದನ್ನು ಅವನು ಬೇಡಿಕೊಳ್ಳುವಂತೆ ಹೇಳಲಿಲ್ಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎನ್ನುವಷ್ಟೇ ಸಹಜವಾಗಿ ಹೇಳಿದ. ಲುಬ್ಬರ್ಟ್ ಶೂ ಹಾಕಿಕೊಳ್ಳುತ್ತಾ, ರಬ್ಬರು ಕೊಳ್ಳುವಾಗ ಮೆತ್ತನೆಯದನ್ನು ಕೊಳ್ಳಬೇಡ ಎಂದಷ್ಟೇ ಹೇಳಿ ಕೈ ಕುಲುಕಿದ.

ಬಿಕ್ಕಟ್ಟು ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಅದು ನನ್ನ ತಪ್ಪು.

ವಾಪಸಿನ ರೈಲು ನಗರ ದಾಟಿ ಹುಲ್ಲುಗಾವಲಿಗೆ ಬಂದ ಮೇಲೆ ಲುಬ್ಬರ್ಟ್ ಜೇಬಿನಿಂದ ಕತ್ತರಿಸಿದ ಕಿತ್ತಳೆ ಪಟ್ಟಿಯನ್ನು ತೆಗೆದು ಮಂಡಿಯ ಮೇಲೆ ಹರಡಿದ.

"ಬುಧವಾರ ಇದನ್ನ ಸೈಕಲ್‌ಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸ್ತೀನಿ. ಮಕ್ಕಳಿಗೆಲ್ಲ ಹೇಳ್ತೀನಿ, ನನ್ನದೂ ಫೇಲ್ ಆಯ್ತು ಅಂತ. ಆಮೇಲೆ ಕೆಲಸ ಬಿಡ್ತೀನಿ."

ನಾನು ನನಗೆ ತಿಳಿದ ಎಲ್ಲ ರೀತಿಯಲ್ಲಿ ಹೇಳಿ ನೋಡಿದೆ. ರಾತ್ರಿ ಪ್ಲಾಸ್ಟಿಕ್ ಬಿಚ್ಚಿದರೆ ಸೈಕಲ್ ಮೊದಲಿನಂತೆಯೇ ಇರುತ್ತದೆ ಎಂದೆ. ಅದು ಮಾರುವೇಷ ತಾನೇ ಎಂದೆ. ನಿನ್ನನ್ನು ತೆಗೆಯಲು ಮುಖ್ಯೋಪಾಧ್ಯಾಯಿನಿಗೆ ಇಷ್ಟೇ ಸಾಕು ಎಂದೆ. ನಿಂತ ಹಾಗೇ ನೋಡಬೇಕು, ಎಂದ. ಫೇಲಾದವನು ಇನ್ನೊಬ್ಬರನ್ನು ಫೇಲ್ ಮಾಡುವುದು ಹೇಗೆ, ಎಂದ. ಪ್ರತಿ ವರ್ಷ ಅವನು ಎದುರುನೋಡುತ್ತಿದ್ದ ಆ ಒಂದು ಬುಧವಾರವನ್ನು ತನ್ನ ಕೈಯಾರೆ ಮುಖ್ಯೋಪಾಧ್ಯಾಯಿನಿಯ ಕೈಗೆ ಕೊಡಲು ಹೊರಟಿದ್ದ, ಅದೂ ಬೆನ್ನು ನೆಟ್ಟಗೆ ಮಾಡಿಕೊಂಡು.

ವಾದದಲ್ಲಿ ಅವನನ್ನು ಗೆಲ್ಲಲಾಗದು. ಸುಸ್ತಾಗಿ ಸುಮ್ಮನೆ ಕೇಳಿದೆ:

"ಮಕ್ಕಳು ಬಿಡ್ತಾರಾ? ಪಟ್ಟಿ ಕಟ್ಟಿದ್ರೆ ಗುಜರಿಗೆ ಹೋಗ್ಬೇಕಿತ್ತಲ್ಲ ಮಾಮ, ಕತ್ತರಿಸಿದ್ದು ಯಾರು ಅಂತಾರೆ. ಏನ್ ಹೇಳ್ತೀಯ?"

ಊರಿನ ಮಕ್ಕಳು ಕೇಳಿದ್ದನ್ನು ಮನೆಗೆ ಒಯ್ಯುತ್ತಾರೆ, ಮನೆಯವರು ಹುಟ್ಟುಹಬ್ಬದ ವೃತ್ತಕ್ಕೆ ಒಯ್ಯುತ್ತಾರೆ, ಆ ವೃತ್ತಗಳಲ್ಲಿ ಎಲ್ಲರಿಗೂ ಮೇರ್‌ಡಾಮಿನಲ್ಲಿ ಒಬ್ಬ ಅಕ್ಕನ ಮಗನಿದ್ದಾನೆ, ಅವನ ಬಾಯಿಂದ ವೌಟರನ ಮೇಲಿನವರ ಕಿವಿ ದೂರವಿಲ್ಲ. ಇದನ್ನು ನಾನು ಹೇಳಬೇಕಾಗಲಿಲ್ಲ. ಹಸುಗಳು, ಕಾಲುವೆಗಳು, ಮತ್ತೆ ಹಸುಗಳು ಹಿಂದೆ ಹೋದವು. ಅವನು ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ತೀರ್ಪು ಕೊಡಲು ಅವನು ಇಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ನಿಲ್ದಾಣದಲ್ಲಿ ಯಾಂಟಿನ್ ಮತ್ತು ಹಾರ್ಮ್ ಕಾಯುತ್ತಿದ್ದರು. ಸಾಮಾನು ಹೊರಲು ಬಂದೆವು ಎಂದರು, ಆದರೆ ಇಬ್ಬರ ಕಣ್ಣೂ ನಮ್ಮ ಸಾಮಾನಿನ ಮೇಲಿರಲಿಲ್ಲ. ಸೈಕಲ್ ಇಳಿಯಿತು. ಯಾಂಟಿನ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತನ್ನ ಸೀಟು ಕ್ಷೇಮವಾಗಿರುವುದನ್ನು ನೋಡಿಕೊಂಡಳು.

"ಏನಾಯ್ತೋ ಲುಬ್ಬರ್ಟ್, ಹೇಳು. ಯಾರಾದ್ರೂ ಮುಟ್ಟಿದ್ರಾ ಇದನ್ನ?"

ಸೈಕಲ್ಲಿನ ವಿಷಯದಲ್ಲಿ ನನ್ನ ಗಂಡ ಯಾರಿಗೂ, ಪಾದ್ರಿಗಳಿಗೂ, ಸುಳ್ಳು ಹೇಳಿದವನಲ್ಲ. ಅವನ ಕೈ ಕೋಟಿನ ಜೇಬಿನಲ್ಲಿತ್ತು. ಒಳಗೆ ಬೆಲ್ಲು ಒಂದು ಸಲ ಮೆಲ್ಲಗೆ ಕಿಣಿಗುಟ್ಟಿತು, ಕಿತ್ತಳೆ ಪಟ್ಟಿಯನ್ನು ಅದರ ಅಡಿಗೆ ತುರುಕುತ್ತಿದ್ದನೆಂದು ಕಾಣುತ್ತದೆ.

"ಇಲ್ಲ," ಎಂದ.

"ಏನೂ ಅಂದ್ರೆ ಏನೂ ಆಗ್ಲಿಲ್ವಾ?"

"ಏನೂ ಆಗ್ಲಿಲ್ಲ."

ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಯಾಂಟಿನ್ ನಂಬಿದಳು, ಅವನನ್ನು ನಂಬದಿರುವ ಅಭ್ಯಾಸ ಊರಿನಲ್ಲಿ ಯಾರಿಗೂ ಇರಲಿಲ್ಲ. ಅವಳ ಮುಖ ಇಳಿದುಹೋಯಿತು. ಅವಳಿಗೆ ಬೆನ್ನು ಮಾಡಿ ಅವನು ಸೈಕಲ್ ತಳ್ಳತೊಡಗಿದ. ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಮಾತ್ರ ಕೇಳುವಷ್ಟು ತಗ್ಗಿದ ದನಿಯಲ್ಲಿ, ಫೇಲನ್ನು ಪಾಸು ಮಾಡಿದವನ ನಾಚಿಕೆಯಿಂದ ಹೇಳಿದ:

"ಯಾರಿಗೂ ಹೇಳೋದು ಬೇಡ ಗೇಸ್ಯೆ. ಆ ಹುಡುಗನ ಹೆಂಡ್ತಿಗೆ ಹೆರಿಗೆ ಆಗ್ಬೇಕಲ್ಲ."